ಭೂಮಿ ನಡುಗಿಸಿದಾಕೆ ನಮ್ಮ ಮನೆಗೆ ಬಂದ ಭಾನುವಾರ

ಕಳೆದ ಬೇಸಿಗೆಯಲ್ಲಿ ಪಕ್ಕದ ಬೀದಿಯ ವೃದ್ಧರೊಬ್ಬರು ಗ್ಯಾರೇಜಿನ ಮುಂದೆ ಹಳೆಯ ಸಾಮಾನುಗಳನ್ನು ಹರವಿಕೊಂಡು ಕುಳಿತಿದ್ದರು. ಏಣಿ ಕೊಳ್ಳಲು ಹೋದ ನಾನು ಗ್ರಾಮಫೋನ್ ರೆಕಾರ್ಡು ಕೊಂಡು ಬಂದೆ. ನಮ್ಮ ಮನೆಯಲ್ಲಿ ಇವತ್ತಿಗೂ ಏಣಿ ಇಲ್ಲ, ಅಟ್ಟದ ಬಲ್ಬು ಇವತ್ತಿಗೂ ಉರಿಯುತ್ತಿಲ್ಲ. ಈ ಎರಡು ಸಂಗತಿಗಳನ್ನು ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ನಾನು ಕಚೇರಿಗೆ ಹೋದ ಮೇಲೆ ಆ ರೆಕಾರ್ಡನ್ನು ತಾನೇ ಹಾಕಿಕೊಂಡು ಕೇಳುತ್ತಾಳೆ ಎಂಬ ಮೂರನೆಯ ಸಂಗತಿ ಮಾತ್ರ ಅವಳ ಬಾಯಿಂದ ಬರುವುದಿಲ್ಲ.

ರೆಕಾರ್ಡಿನ ಹೆಸರು ‘ದಿ ಅರ್ಥ್‌ಶೇಕರ್’, ಅಂದರೆ ಭೂಮಿ ನಡುಗಿಸುವವಳು. ಹಾಡಿದವರು ಕೋಕೋ ಟೇಲರ್, ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಬ್ಲೂಸ್ ಎಂಬ ಸಂಗೀತದ ಗಾಯಕಿ. 1978ರಲ್ಲಿ ನಮ್ಮ ಶಿಕಾಗೋದ ಅಲಿಗೇಟರ್ ರೆಕಾರ್ಡ್ಸ್ ಹೊರತಂದದ್ದು.

ಜನವರಿಯ ಭಾನುವಾರ ಸಂಜೆ ಈ ಊರಿನಲ್ಲಿ ಎರಡೇ ಕೆಲಸ: ಹಿಮ ಗೋರುವುದು, ಹರಟೆ ಹೊಡೆಯುವುದು. ಮೊದಲನೆಯದನ್ನು ತಪ್ಪಿಸಿಕೊಳ್ಳಲು ಎರಡನೆಯದರ ನೆಪದಲ್ಲಿ ಎಲ್ಲರೂ ನಮ್ಮ ಮನೆಗೆ ಬರುತ್ತಾರೆ. ಅಂದು ಬಂದವರಲ್ಲಿ ಮೊದಲಿಗರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ವಿಮಾ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ಆದರೆ ಮೈಸೂರಿನವರು, ಎಂಟು ವರ್ಷ ವೀಣೆ ಕಲಿತವರು, ಎದುರಿಗಿದ್ದವರ ಒತ್ತಕ್ಷರವನ್ನು ತಿದ್ದದೆ ಕಾಫಿ ಕುಡಿಯುವವರಲ್ಲ. ಎರಡನೆಯವರು ಡಾಕ್ಟರು, ಕಿವಿ ಮೂಗು ಗಂಟಲಿನ ತಜ್ಞರು. ಜೊತೆಯಲ್ಲಿ ಅವರ ಹೆಂಡತಿ. ಮೂರನೆಯವರನ್ನು ನಾವೆಲ್ಲ ಹುಬ್ಬಳ್ಳಿಯವರು ಎಂದೇ ಕರೆಯುತ್ತೇವೆ, ವೃತ್ತಿಯಿಂದ ಲೆಕ್ಕಪತ್ರದವರು. ಮೂಲೆಯ ಸೋಫಾದಲ್ಲಿ ನಮ್ಮ ಅತ್ತೆ. ಸಾಗರದಿಂದ ಬಂದು ಮೂರು ತಿಂಗಳಾಯಿತು. ಕಿಟಕಿಯಾಚೆಯ ಹಿಮವನ್ನು ನೋಡಿ, ಈ ನೆಲದಲ್ಲಿ ಅಡಿಕೆ ಆಗಲಾರದು ಎಂಬ ತೀರ್ಪು ಕೊಟ್ಟು, ಹೂಬತ್ತಿ ಹೊಸೆಯುತ್ತಾ ಕುಳಿತಿದ್ದರು.

ನಾನು ಮೆಣಸಿನಕಾಯಿ ಬಜ್ಜಿಯ ಮೊದಲ ತಟ್ಟೆ ತಂದಿಡುವುದಕ್ಕೂ ನನ್ನ ಹೆಂಡತಿ ರೆಕಾರ್ಡಿನ ಮೇಲೆ ಮುಳ್ಳು ಇಳಿಸುವುದಕ್ಕೂ ಸರಿಹೋಯಿತು. ಒಂದಷ್ಟು ಕರಕರ ಸದ್ದು, ಆಮೇಲೆ ಆ ದನಿ. ಮೇಷ್ಟ್ರ ಕೈಯಲ್ಲಿದ್ದ ಬಜ್ಜಿ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

“ಈಯಮ್ಮನಿಗೆ ಯಾರ ಮೇಲೆ ಇಷ್ಟು ಸಿಟ್ಟು?”

“ಸಿಟ್ಟಲ್ಲ ಮೇಷ್ಟ್ರೇ. ಬನ್ನಿ, ಎಲ್ಲರೂ ಸೇರಿ ಸಂತೋಷವಾಗಿರೋಣ ಎಂದು ಕರೆಯುತ್ತಿದ್ದಾರೆ.”

“ಕರೆಯುವ ಕ್ರಮವೇ ಇದು? ಸಂತೋಷವಾಗಿರದಿದ್ದರೆ ದಂಡ ಹಾಕುವವರ ಹಾಗಿದೆ.”

“ನನಗೆ ಹಿಡಿಸಿದ್ದೇ ಅದು,” ಎಂದಳು ನನ್ನ ಹೆಂಡತಿ.

ಡಾಕ್ಟರು ಅಷ್ಟು ಹೊತ್ತಿಗೆ ತಮ್ಮ ಗಂಟಲನ್ನು ತಾವೇ ಮುಟ್ಟಿ ನೋಡಿಕೊಳ್ಳುತ್ತಿದ್ದರು. “ಮಾತಿಗೂ ಹಾಡಿಗೂ ಎರಡು ಸ್ವರತಂತುಗಳು ಅದುರಿದರೆ ಸಾಕು,” ಎಂದರು. “ಹೀಗೆ ಗುಡುಗಬೇಕಾದರೆ ಅವುಗಳ ಮೇಲಿರುವ ಮಡಿಕೆಗಳನ್ನೂ ಕೆಲಸಕ್ಕೆ ಎಳೆಯಬೇಕು. ನನ್ನ ಬಳಿಗೆ ಬಂದಿದ್ದರೆ ಮೂರು ತಿಂಗಳು ಮೌನವ್ರತ ಬರೆದುಕೊಡುತ್ತಿದ್ದೆ. ಹೀಗೆ ಹಾಡಿ ಎಷ್ಟು ದಿನ ಉಳಿದೀತು ದನಿ?”

ನಾನು ಹೇಳಿದೆ: ಹುಟ್ಟಿದ್ದು 1928ರಲ್ಲಿ. ಕೊನೆಯ ಸಲ ಹಾಡಿದ್ದು ಮೆಂಫಿಸ್ ನಗರದಲ್ಲಿ, 2009ರ ಮೇ 7ರಂದು. ತೀರಿಕೊಂಡದ್ದು ಜೂನ್ 3ರಂದು, 80ನೆಯ ವಯಸ್ಸಿನಲ್ಲಿ.

ಡಾಕ್ಟರು ಮನಸ್ಸಿನಲ್ಲೇ ಏನೋ ಕಳೆದು ಕೂಡಿಸಿ, ಮೌನವ್ರತದ ಚೀಟಿಯನ್ನು ಹಿಂದಕ್ಕೆ ಪಡೆದವರಂತೆ ಇನ್ನೊಂದು ಬಜ್ಜಿ ತೆಗೆದುಕೊಂಡರು.

“2009 ಎಂದಿರಾ?” ಹುಬ್ಬಳ್ಳಿಯವರು ಮುಂದಕ್ಕೆ ಬಾಗಿದರು. “ಅದೇ ವರ್ಷ ಜುಲೈ 21ರಂದು ನಮ್ಮ ಗಂಗೂಬಾಯಿಯವರು ಹೋದರು. ಇಬ್ಬರ ನಡುವೆ 48 ದಿನ.”

ಹುಬ್ಬಳ್ಳಿಯವರ ಎದುರಿಗೆ ಯಾವ ವಿಷಯ ಎತ್ತಿದರೂ ಹತ್ತು ನಿಮಿಷದಲ್ಲಿ ಅದು ಗಂಗೂಬಾಯಿ ಹಾನಗಲ್ಲರನ್ನೋ ಮೆಣಸಿನಕಾಯಿಯನ್ನೋ ಮುಟ್ಟುತ್ತದೆ. ಅಂದು ಎರಡೂ ಒಟ್ಟಿಗೆ ಒದಗಿದ್ದರಿಂದ ಅವರ ಕಣ್ಣಿನಲ್ಲಿ ನೀರು ನಿಂತಿತ್ತು. ಯಾವುದಕ್ಕೆ ಎಂದು ಹೇಳುವುದು ಕಷ್ಟ. ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯವರ ಎಳೆಯ ದನಿ ಹೋಗಿ ಆ ಭಾರದ ದನಿ ಬಂದದ್ದನ್ನು ಅವರು ನಮಗೆ ಮತ್ತೊಮ್ಮೆ ಹೇಳಿದರು. “ಗಂಡಸು ಹಾಡುತ್ತಿದ್ದಾನೆ ಎಂದುಕೊಂಡವರಿದ್ದಾರೆ. ಅವರೇನು ಹಾಡು ಬಿಟ್ಟರೇ? ದನಿ ಚೆಂದವಿರಬೇಕು ಎಂದು ಕಾನೂನಿದೆಯೇ? ದನಿ ಎಂದರೆ ತೊಟ್ಟಿಮನೆಯ ಕಂಬ ಇದ್ದ ಹಾಗೆ. ಹೊರುವುದು ಅದರ ಕೆಲಸ. ಕೆತ್ತನೆ ಇದ್ದರೆ ಸರಿ, ಇಲ್ಲದಿದ್ದರೂ ಸರಿ.”

“ಗಂಗೂಬಾಯಿಯವರಲ್ಲಿ ರಾಗವಿತ್ತು ಸ್ವಾಮಿ. ಇಲ್ಲಿ ಎಲ್ಲಿದೆ?” ಎಂದು ಮೇಷ್ಟ್ರು ಆಕ್ಷೇಪಿಸಿದರು. ಆದರೆ ಅವರ ಎಡಗೈ ತೊಡೆಯ ಮೇಲೆ ಬೆರಳು ಮಡಚುತ್ತಿರುವುದನ್ನು ನಾನು ಆಗಲೇ ಗಮನಿಸಿದ್ದೆ. ಸ್ವಲ್ಪ ಹೊತ್ತಿನ ನಂತರ ಯಾರೂ ಕೇಳದಿದ್ದರೂ ಘೋಷಿಸಿದರು: “ಹನ್ನೆರಡು ಮನೆ. ಮನೆಗೆ ನಾಲ್ಕು ಎಣಿಕೆ. ನಲವತ್ತೆಂಟು ಮುಗಿದರೆ ಮತ್ತೆ ಮೊದಲಿನಿಂದ. ಕೆಳಗೆ ಸ್ವರಗುಚ್ಛಗಳು ಮೂರೇ ಮೂರು. ಇಷ್ಟರಲ್ಲೇ ಒಂದು ಸಂಗೀತ ಪದ್ಧತಿಯೇ?”

“ಇಡ್ಲಿಗೂ ಅಕ್ಕಿ, ಉದ್ದು ಎರಡೇ ಅಲ್ಲವೇ?” ಎಂದರು ಡಾಕ್ಟರ ಹೆಂಡತಿ.

ಮೇಷ್ಟ್ರು ಅದಕ್ಕೆ ಉತ್ತರ ಕೊಡಲಿಲ್ಲ. ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ, ಏನನ್ನೋ ಹುಡುಕುತ್ತಿದ್ದರು. “ಆ ಗಾಂಧಾರ ಇದೆಯಲ್ಲ, ಆ ‘ಗ’ ಸ್ವರ, ಕೆಳಗಿನ ಸಾಧಾರಣವೂ ಅಲ್ಲ, ಮೇಲಿನ ಅಂತರವೂ ಅಲ್ಲ. ಎರಡರ ನಡುವೆ ಎಲ್ಲೋ ನಿಂತಿದೆ. ತಪ್ಪಿ ನಿಂತದ್ದಲ್ಲ, ಬೇಕೆಂದೇ ನಿಂತದ್ದು. ಇನ್ನೊಮ್ಮೆ ಹಾಕಿ.” ಹಾಕಿದೆವು. “ಅಲ್ಲೇ ಇದೆ,” ಎಂದರು. ಬೇರೆಯವರ ಮನೆಯಲ್ಲಿ ತಮ್ಮ ಚಪ್ಪಲಿ ಸಿಕ್ಕಿದವರ ಧಾಟಿ ಅದು. ಬ್ಲೂಸ್ ಗಾಯಕರ ಬಂಡವಾಳವೇ ಆ ನಡುವಿನ ಗಾಂಧಾರ ಎಂದು ನಾನು ಹೇಳಲು ಹೋದೆ. ಮೇಷ್ಟ್ರು ಅದನ್ನು ತಾವೇ ಕಂಡುಹಿಡಿದ ಸಂಭ್ರಮದಲ್ಲಿದ್ದುದರಿಂದ ಸುಮ್ಮನಾದೆ.

ಅಷ್ಟರಲ್ಲಿ ನಿಧಾನಗತಿಯ ಹಾಡೊಂದು ಬಂತು. ಹಿತ್ತಲ ಬೀದಿಗಳಲ್ಲಿ ಅಳುತ್ತಾ ನಡೆಯುವ ಹಾಡು. ಅಳು ಎಂದು ಹೆಸರಿಗೆ ಮಾತ್ರ. ಆ ದನಿಯಲ್ಲಿ ಅಳುವವರು ನಮ್ಮ ಬೀದಿಯಲ್ಲಿ ಬಂದರೆ ಸಮಾಧಾನ ಮಾಡಲು ಯಾರೂ ಬಾಗಿಲು ತೆರೆಯಲಾರರು. ಬ್ಲೂಸ್ ಸಾಹಿತ್ಯದ ಕಟ್ಟು ಹೇಗಿರುತ್ತದೆ ಎಂದು ಡಾಕ್ಟರು ಕೇಳಿದ್ದರಿಂದ ನಾನು ವಿವರಿಸಿದೆ: ಸಾಮಾನ್ಯವಾಗಿ ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೆಯದರಲ್ಲಿ ಮಾತು ಮುಗಿಸುತ್ತಾರೆ. ಒಂದೊಂದು ಸಾಲಿನ ಕೊನೆಯಲ್ಲೂ ಗಿಟಾರು ಉತ್ತರ ಕೊಡುತ್ತದೆ.

“ಇದನ್ನು ಹೊಸದಾಗಿ ಕಲಿಯಬೇಕೇ?” ಎಂದಳು ನನ್ನ ಹೆಂಡತಿ. “ನಾಳೆ ಬೆಳಿಗ್ಗೆ ಲಾರಿ ಬರುತ್ತದೆ, ಕಸದ ಡಬ್ಬಿ ಹೊರಗಿಡಿ. ನಾಳೆ ಬೆಳಿಗ್ಗೆ ಲಾರಿ ಬರುತ್ತದೆ, ಕಸದ ಡಬ್ಬಿ ಹೊರಗಿಡಿ. ಮೂರನೆಯ ಸಾಲಿಗೆ ನಾನೇ ಎದ್ದು ಇಟ್ಟು ಬರುತ್ತೇನೆ, ಬರುವಾಗ ಒಂದು ಮಾತು ಹೇಳುತ್ತೇನೆ. ಹದಿನೇಳು ವರ್ಷದಿಂದ ಪ್ರತಿ ಭಾನುವಾರ ಹಾಡುತ್ತಿದ್ದೇನೆ.”

“ಗಿಟಾರು?” ಎಂದರು ಹುಬ್ಬಳ್ಳಿಯವರು.

“ನಡುನಡುವೆ ಹೂಂ, ಹೂಂ ಎನ್ನುತ್ತದಲ್ಲ, ಅದು ಇವರು.”

ಎಲ್ಲರೂ ನನ್ನತ್ತ ತಿರುಗಿ ನಕ್ಕರು. ಈ ರೆಕಾರ್ಡಿನ ಗಿಟಾರುಗಳಾದ ಸ್ಯಾಮಿ ಲಾಹಾರ್ನ್ ಮತ್ತು ಜಾನಿ ಬಿ. ಮೂರ್ ಹೂಂಗುಟ್ಟುವುದಕ್ಕಿಂತ ಬಹಳ ಹೆಚ್ಚಿನದನ್ನು ಮಾಡಿದ್ದಾರೆ, ಪಿಯಾನೋ ನುಡಿಸಿದ ಪೈನ್‌ಟಾಪ್ ಪರ್ಕಿನ್ಸ್ ಅಂತೂ ಸಾಲಿನ ಸಂದಿಗಳಲ್ಲಿ ಮುತ್ತು ಉದುರಿಸಿದ ಹಾಗೆ ನುಡಿಸಿದ್ದಾರೆ ಎಂದು ನಾನು ವಾದಿಸಿದೆ. ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹೂಂ ಎಂದು ಸುಮ್ಮನಾದೆ, ಅದಕ್ಕೂ ನಕ್ಕರು.

ಮಾತು ತಿರುಗಿಸಲು ಮೇಷ್ಟ್ರು ತಾವು ಅಮೆರಿಕಕ್ಕೆ ಬಂದ ಕಾಲದ ಕಷ್ಟವನ್ನು ತೆಗೆದರು. ಎರಡು ಸೂಟ್‌ಕೇಸು, ಒಂದೊಂದೂ 23 ಕಿಲೋ, ಅದರಲ್ಲಿ ಹುಳಿಪುಡಿಯ ಪೊಟ್ಟಣ ಒಡೆದು ಅಂಗಿಗಳೆಲ್ಲ ಕೆಂಪಾದದ್ದು, ಕಂಪನಿಯ ಖರ್ಚಿನ ಹೋಟೆಲಿನಲ್ಲಿ ಎರಡು ವಾರ ಬ್ರೆಡ್ಡು ತಿಂದದ್ದು. ಈ ಕಥೆ ನಮಗೆ ಸತ್ಯನಾರಾಯಣ ಕಥೆಯಷ್ಟೇ ಪರಿಚಿತ. ನಾನು ತಡೆಯಲಾರದೆ ಕೋಕೋ ಟೇಲರ್ ಶಿಕಾಗೋಕ್ಕೆ ಬಂದ ಕಥೆಯನ್ನು ಎದುರಿಗಿಟ್ಟೆ.

ಹುಟ್ಟುಹೆಸರು ಕೋರಾ ವಾಲ್ಟನ್. ಮೆಂಫಿಸ್ ಪಕ್ಕದ ಹಳ್ಳಿ, ಪಾಲಿಗೆ ಹತ್ತಿ ಬೆಳೆಯುವ ಮನೆ, ವಿದ್ಯುತ್ತಿಲ್ಲ. ಚಾಕೊಲೇಟಿನ ಆಸೆ ಹೆಚ್ಚು ಎಂದು ಮನೆಯವರು ಇಟ್ಟ ಅಡ್ಡಹೆಸರು ಕೋಕೋ. ಅಣ್ಣನೊಬ್ಬ ಹುಲ್ಲಿನ ಹೊರೆ ಕಟ್ಟುವ ತಂತಿ ಬಿಗಿದು ಗಿಟಾರು ಮಾಡಿದ್ದ. ತಂದೆಗೆ ದೇವರ ಹಾಡು ಬಿಟ್ಟರೆ ಬೇರೆಯದು ಆಗದು, ಮಕ್ಕಳಿಗೆ ರೇಡಿಯೋದ ಬ್ಲೂಸ್ ಬಿಟ್ಟರೆ ಬೇರೆಯದು ಬೇಡ. 1950ರ ದಶಕದ ಆರಂಭದಲ್ಲಿ ರಾಬರ್ಟ್ ಟೇಲರ್ ಜೊತೆ ಬಸ್ಸು ಹತ್ತಿ ಇಲ್ಲಿಗೆ ಬಂದರು. ಇಬ್ಬರ ಆಸ್ತಿ, ಆಕೆಯೇ ಹೇಳುತ್ತಿದ್ದ ಲೆಕ್ಕದ ಪ್ರಕಾರ, 35 ಸೆಂಟು ಮತ್ತು ಒಂದು ಡಬ್ಬಿ ರಿಟ್ಜ್ ಬಿಸ್ಕತ್ತು. ಹಗಲೆಲ್ಲ ಶಿಕಾಗೋದ ಉತ್ತರದ ಉಪನಗರಗಳಲ್ಲಿ ಸಿರಿವಂತರ ಮನೆ ಗುಡಿಸಿ ಒರೆಸುವುದು. ರಾತ್ರಿ ದಕ್ಷಿಣ ಭಾಗದ ಕ್ಲಬ್ಬುಗಳಲ್ಲಿ ಹಾಡುವುದು.

“35 ಸೆಂಟು ಎಂದರೆ ಆಗಿನ ಲೆಕ್ಕದಲ್ಲಿ ಒಂದು ರೂಪಾಯಿ ಹನ್ನೊಂದಾಣೆಗೆ ತುಸು ಕಡಿಮೆ,” ಎಂದರು ಹುಬ್ಬಳ್ಳಿಯವರು.

“ಬಿಸ್ಕತ್ತಿನ ಡಬ್ಬಿ ಎಷ್ಟು ದೊಡ್ಡದು?” ಎಂದು ಅತ್ತೆ ಮೊದಲ ಬಾರಿಗೆ ಬಾಯಿ ತೆರೆದರು.

ಅದು ನನಗೆ ತಿಳಿದಿರಲಿಲ್ಲ. ಇಷ್ಟು ದಿನ ಈ ಕಥೆ ಓದಿಯೂ ಮುಖ್ಯವಾದದ್ದನ್ನೇ ಕೇಳಿಕೊಂಡಿರಲಿಲ್ಲವಲ್ಲ ಎನ್ನಿಸಿತು.

ಉಳಿದದ್ದನ್ನು ಬೇಗ ಹೇಳಿ ಮುಗಿಸಿದೆ. 1962ರಲ್ಲಿ ವಿಲ್ಲಿ ಡಿಕ್ಸನ್ ಆಕೆಯ ಹಾಡು ಕೇಳಿ ಚೆಸ್ ರೆಕಾರ್ಡ್ಸಿಗೆ ಕರೆದೊಯ್ದರು. ಡಿಕ್ಸನ್ ಬರೆದ ‘ವ್ಯಾಂಗ್ ಡ್ಯಾಂಗ್ ಡೂಡಲ್’ ಹಾಡು 1966ರಲ್ಲಿ ರಿದಮ್ ಆ್ಯಂಡ್ ಬ್ಲೂಸ್ ಜನಪ್ರಿಯ ಹಾಡುಗಳ ಪಟ್ಟಿಯ ನಾಲ್ಕನೆಯ ಸ್ಥಾನಕ್ಕೆ ಏರಿತು. ಆಮೇಲೆ ಚೆಸ್ ಬಾಗಿಲು ಹಾಕಿತು, ಬ್ರೂಸ್ ಇಗ್ಲಾವರ್ 1971ರಲ್ಲಿ ಶುರುಮಾಡಿದ್ದ ಅಲಿಗೇಟರ್ ಬಾಗಿಲು ತೆರೆಯಿತು. ಸಂಗೀತ ಕೇಳುವಾಗ ಮೊಸಳೆಯಂತೆ ಹಲ್ಲು ಕಟಕಟಿಸಿ ತಾಳ ಹಾಕುವ ಅಭ್ಯಾಸ ಅವರಿಗಿತ್ತು, ಅದಕ್ಕೇ ಕಂಪನಿಗೆ ಆ ಹೆಸರು. ಮೇಷ್ಟ್ರು ಇದನ್ನು ಕೇಳಿ ತಮ್ಮ ಬೆರಳೆಣಿಕೆಯ ಬಗ್ಗೆ ಹೊಸ ಅಭಿಮಾನದಿಂದ ಕೈ ನೋಡಿಕೊಂಡರು.

ಮುಂದೆ ಬಂದದ್ದು ‘ಐ ಆ್ಯಮ್ ಎ ವುಮನ್’. ನಾನು ಹೆಣ್ಣು ಎಂಬ ಘೋಷಣೆಯ ಹಾಡು. 1955ರಲ್ಲಿ ಬೋ ಡಿಡ್ಲಿ ‘ನಾನು ಗಂಡು’ ಎಂದು ಎದೆ ತಟ್ಟಿಕೊಂಡಿದ್ದರು, ಮಡ್ಡಿ ವಾಟರ್ಸ್ ಅದೇ ವರ್ಷ ಅದೇ ಜಾಡಿನಲ್ಲಿ ಇನ್ನೊಂದು ಹಾಡಿ ಮತ್ತಷ್ಟು ಜೋರಾಗಿ ತಟ್ಟಿಕೊಂಡರು. ಆ ಗಂಡುಮೆಟ್ಟಿನ ಮಟ್ಟಿನಲ್ಲೇ ಈಕೆ ಉತ್ತರ ಕೊಟ್ಟಿದ್ದಾರೆ. ಅತ್ತೆ ಹೂಬತ್ತಿ ಕೆಳಗಿಟ್ಟರು. “ಏನು ಹೇಳುತ್ತಿದ್ದಾಳೆ?” ಎಂದು ಕೇಳಿದರು.

“ಸೂರ್ಯನ ಹಿಂಬದಿಗೆ ಹೋಗುತ್ತೇನೆ, ಬರುವ ಸಿಡಿಲನ್ನು ಅಂಗೈಯಲ್ಲಿ ತಡೆಯುತ್ತೇನೆ, ಸೈತಾನನ ಕೈ ಕುಲುಕಿ ಅವನನ್ನು ಮರಳಿನಲ್ಲಿ ತೆವಳಿಸುತ್ತೇನೆ ಎನ್ನುತ್ತಿದ್ದಾರೆ ಅತ್ತೆ.”

“ಹಾಗಾದರೆ ಇದು ಹೆಣ್ಣುಬಣ್ಣ,” ಎಂದು ಅತ್ತೆ ನಿರ್ಧರಿಸಿದರು.

ಮೈಸೂರು, ಹುಬ್ಬಳ್ಳಿ ಎರಡೂ ಮುಖ ಮುಖ ನೋಡಿಕೊಂಡವು. ಅತ್ತೆ ವಿವರಿಸಿದರು. ಯಕ್ಷಗಾನದ ಬಯಲಾಟದಲ್ಲಿ ನಡುರಾತ್ರಿ ಕಳೆದ ಮೇಲೆ ಶೂರ್ಪನಖಿಯೋ ತಾಟಕಿಯೋ ಬರುವುದು. ನೇರ ರಂಗಕ್ಕೆ ಬರುವುದಿಲ್ಲ. ಜನರ ಹಿಂದಿನಿಂದ, ಕತ್ತಲೆಯಿಂದ, ಆರ್ಭಟ ಕೊಡುತ್ತಾ ಬರುವುದು. ಚೆಂಡೆಯವನು ಮೈಮೇಲೆ ಬಂದವನಂತೆ ಬಾರಿಸುವುದು. ನಿದ್ದೆ ಹೋದ ಮಕ್ಕಳೆಲ್ಲ ಎದ್ದು ಕೂರುವುದು. “ನಮ್ಮ ಅಮ್ಮ ಸೀತೆ ಬಂದಾಗ ನೋಡು, ದಮಯಂತಿ ಬಂದಾಗ ನೋಡು ಎಂದು ತಿವಿದು ಎಬ್ಬಿಸುತ್ತಿದ್ದಳು. ನನಗೆ ಅವರ ಅಳು ಕೇಳಿದರೇ ನಿದ್ದೆ. ಶೂರ್ಪನಖಿಗೆ ಮಾತ್ರ ಯಾರೂ ಎಬ್ಬಿಸಬೇಕಾಗಿರಲಿಲ್ಲ. ಎಷ್ಟು ಹೆದರುತ್ತಿದ್ದೆ! ಹೆದರುವುದಕ್ಕೆಂದೇ ಹೋಗುತ್ತಿದ್ದೆ.” ಸ್ವಲ್ಪ ತಡೆದು, “ಅಲ್ಲಿ ಹೆಣ್ಣುಬಣ್ಣವನ್ನೂ ಗಂಡಸರೇ ಕಟ್ಟುತ್ತಿದ್ದರು. ಇವಳು ತಾನೇ ಕಟ್ಟಿದ್ದಾಳೆ. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು,” ಎಂದು ಹೂಬತ್ತಿಯ ಹತ್ತಿಗೆ ಮರಳಿದರು.

ಮುಂದಿನ ಹಾಡು ಬಾರದಿದ್ದರೆ ಸಂಜೆ ಶಾಂತವಾಗಿ ಕಳೆಯುತ್ತಿತ್ತು. ನ್ಯೂ ಆರ್ಲಿಯನ್ಸಿನ ಐರ್ಮಾ ಥಾಮಸ್ ಮೊದಲು ಹಾಡಿದ್ದ ಹಾಡು ಅದು. ಗಂಡ ಬೇಕಾದರೆ ಒಯ್ದುಕೋ, ನನ್ನ ಗಂಡಸಿನ ತಂಟೆಗೆ ಬರಬೇಡ ಎಂದು ಇನ್ನೊಬ್ಬ ಹೆಂಗಸಿಗೆ ಕೊಡುವ ಎಚ್ಚರಿಕೆ. ಅರ್ಥ ಹೇಳಿದ್ದು ನನ್ನದೇ ತಪ್ಪು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಇಲ್ಲಿ ತಾರ್ಕಿಕ ದೋಷವಿದೆ. ಗಂಡ ಎಂಬುದು ಸಂಬಂಧವನ್ನು ಹೇಳುವ ಪದ, ಗಂಡಸು ಎಂಬುದು ವರ್ಗವನ್ನು ಹೇಳುವ ಪದ. ಗಂಡನಾದವನೆಲ್ಲ ಗಂಡಸೇ. ಆದ್ದರಿಂದ ಒಬ್ಬನನ್ನು ಕೊಟ್ಟು ಇನ್ನೊಬ್ಬನನ್ನು ಉಳಿಸಿಕೊಳ್ಳುವುದು...”

“ಗಂಡನಾದವನೆಲ್ಲ ಗಂಡಸು ಎಂದು ನಿಮಗೆ ಯಾರು ಹೇಳಿದರು?” ಎಂದಳು ನನ್ನ ಹೆಂಡತಿ.

ಡಾಕ್ಟರ ಹೆಂಡತಿ ಕಾಫಿ ನೆತ್ತಿಗೇರಿ ಕೆಮ್ಮತೊಡಗಿದರು. ಗಂಟಲಿನ ತಜ್ಞರು ಪಕ್ಕದಲ್ಲೇ ಇದ್ದರೂ ಬೆನ್ನು ತಟ್ಟುವುದನ್ನು ಮರೆತು ಹೆಂಡತಿಯನ್ನು ಅನುಮಾನದಿಂದ ನೋಡುತ್ತಿದ್ದರು.

ಹುಬ್ಬಳ್ಳಿಯವರು ತಣ್ಣಗೆ ಹೇಳಿದರು: “ಮೇಷ್ಟ್ರೇ, ಎಂಟುನೂರು ವರ್ಷದ ಹಿಂದೆ ನಮ್ಮ ಅಕ್ಕಮಹಾದೇವಿ ಏನು ಹೇಳಿದ್ದಾರೆ? ಸಾಯುವ, ಕೆಡುವ ಈ ಗಂಡಂದಿರನ್ನು ಒಯ್ದು ಒಲೆಗೆ ಹಾಕು ತಾಯಿ ಎಂದಿಲ್ಲವೇ? ಆಕೆ ಒಲಿದವನು ಬೇರೆ, ಚೆನ್ನಮಲ್ಲಿಕಾರ್ಜುನ. ಗಂಡ ಬೇರೆ, ತನ್ನವನು ಬೇರೆ. ವ್ಯಾಕರಣ ಸರಿಯಾಗಿಯೇ ಇದೆ.”

“ಅದು ಅಧ್ಯಾತ್ಮ ಸ್ವಾಮಿ! ಅದನ್ನು ತಂದು ಇದರ ಪಕ್ಕ ಇಡುತ್ತೀರಾ? ಇದು ಬರೀ...”

“ಬರೀ ಏನು?” ಎಂದು ಮೂರು ಹೆಂಗಸರೂ ಒಟ್ಟಿಗೆ ಕೇಳಿದರು. ಅತ್ತೆಗೆ ಇಂಗ್ಲಿಷ್ ಬಾರದಿದ್ದರೂ ಈ ಪ್ರಶ್ನೆ ಕನ್ನಡದಲ್ಲೇ ಇತ್ತು.

ಮೇಷ್ಟ್ರು ಬಜ್ಜಿಯಿಂದ ಬಾಯಿ ಮುಚ್ಚಿಕೊಂಡರು.

“ಅಕ್ಕ ಒಲೆಗೇ ಹಾಕಿಸಿದರು. ಈಕೆ ಬೇಕಾದರೆ ಒಯ್ದುಕೋ ಎನ್ನುತ್ತಿದ್ದಾರೆ ಅಷ್ಟೇ,” ಎಂದು ಡಾಕ್ಟರು ನಿಟ್ಟುಸಿರು ಬಿಟ್ಟರು. “ಗಂಡಂದಿರ ದೃಷ್ಟಿಯಿಂದ ನೋಡಿದರೆ ಶಿಕಾಗೋದವರೇ ಮೃದು.” ಆಮೇಲೆ ಏನೋ ಹೊಳೆದು, “ಅಲ್ಲ, ಈಯಮ್ಮ ಊರೂರಿನಲ್ಲಿ ಹೀಗೆ ಹಾಡುತ್ತಿದ್ದರೆ ಇವರ ಸ್ವಂತ ಗಂಡ ಏನನ್ನುತ್ತಿದ್ದ?” ಎಂದು ಕೇಳಿದರು.

ರಾಬರ್ಟ್ ಟೇಲರ್ ಅವರನ್ನು ಎಲ್ಲರೂ ಪಾಪ್ಸ್ ಎಂದೇ ಕರೆಯುತ್ತಿದ್ದರು ಎಂದೆ. ಆಕೆ ಊರೂರು ಸುತ್ತುವಾಗ ಜೊತೆಗಿದ್ದವರು. 1988ರಲ್ಲಿ ಟೆನೆಸ್ಸಿಯ ಬೆಟ್ಟದ ರಸ್ತೆಯಲ್ಲಿ ತಂಡದ ವ್ಯಾನು ಕೆಳಕ್ಕೆ ಉರುಳಿತು. ಕೋಕೋ ಮೂಳೆ ಮುರಿದುಕೊಂಡು ಬದುಕಿ ಉಳಿದರು. ಪಾಪ್ಸ್ ಪೂರ್ತಿ ಚೇತರಿಸಿಕೊಳ್ಳಲಿಲ್ಲ, ಮರುವರ್ಷ ಹೋಗಿಬಿಟ್ಟರು. ಆಕೆ ಮತ್ತೆ ವೇದಿಕೆ ಹತ್ತಿದರು.

ರೆಕಾರ್ಡು ತಿರುಗುತ್ತಲೇ ಇತ್ತು. “ಅಂದರೆ ಯಾರಿಗೂ ಕೊಟ್ಟಿರಲಿಲ್ಲ,” ಎಂದರು ಮೇಷ್ಟ್ರು, ಯಾವ ಒತ್ತಕ್ಷರವೂ ಇಲ್ಲದ ದನಿಯಲ್ಲಿ.

ಕೊನೆಯಲ್ಲಿ ‘ವ್ಯಾಂಗ್ ಡ್ಯಾಂಗ್ ಡೂಡಲ್’ ಬಂದು ಎಲ್ಲರನ್ನೂ ಮತ್ತೆ ಎಬ್ಬಿಸಿತು. ರಾತ್ರಿಯಿಡೀ ಗದ್ದಲ ಮಾಡೋಣ ಎಂದು ಊರಿನವರನ್ನೆಲ್ಲ ಹೆಸರು ಹಿಡಿದು ಕರೆಯುವ ಹಾಡು. ಕ್ಷೌರದ ಕತ್ತಿಯ ಜಿಮ್, ಕಸಾಯಿ ಕತ್ತಿಯ ಆ್ಯನಿ, ಹೀಗೆ ಒಬ್ಬರಿಗಿಂತ ಒಬ್ಬರು. ಕನ್ನಡ ಕೂಟದ ಯುಗಾದಿ ಊಟಕ್ಕೂ ಇಂಥದೇ ಆಹ್ವಾನ ಪತ್ರಿಕೆ ಮಾಡಿಸಿದರೆ ಜನ ಹೆಚ್ಚು ಬರುತ್ತಾರೆ ಎಂದು ಹುಬ್ಬಳ್ಳಿಯವರು ಸೂಚಿಸಿದರು. ಹಾಡಿನ ಹೆಸರಿನ ವ್ಯುತ್ಪತ್ತಿ ಏನು ಎಂದು ಮೇಷ್ಟ್ರು ಕೇಳಲೇ ಇಲ್ಲ. ಅವರು ನಲವತ್ತೆಂಟರ ಲೆಕ್ಕವನ್ನೂ ಬಿಟ್ಟು ತಲೆದೂಗುತ್ತಿದ್ದರು.

ಒಂಬತ್ತೂವರೆಗೆ ಎಲ್ಲರೂ ಕೋಟು, ಟೋಪಿ, ಕೈಗವಸು ಧರಿಸಿ ಬಾಗಿಲಿಗೆ ಬಂದರು. ನನ್ನ ಕೈಯಲ್ಲಿ ಕಸದ ಡಬ್ಬಿ ಇತ್ತು. ಎರಡನೆಯ ಸಾಲು ಆಗಲೇ ಮುಗಿದಿತ್ತು. ಮೇಷ್ಟ್ರು ಬೂಟು ಕಟ್ಟಿಕೊಳ್ಳುತ್ತಾ, ಆ ಗಾಂಧಾರವನ್ನು ವೀಣೆಯ ಮೇಲೆ ಇಟ್ಟು ಪರೀಕ್ಷಿಸಬೇಕಿತ್ತು, ರೆಕಾರ್ಡನ್ನು ಒಂದು ವಾರ ಒಯ್ಯಬಹುದೇ ಎಂದು ಕೇಳಿದರು. ನಾನು ಧಾರಾಳವಾಗಿ ಒಯ್ಯಿರಿ ಎನ್ನುವಷ್ಟರಲ್ಲಿ ನನ್ನ ಹೆಂಡತಿ ರೆಕಾರ್ಡನ್ನು ಎದೆಗವಚಿಕೊಂಡು ಹೊಸ್ತಿಲಿಗೆ ಬಂದಳು.

“ಮೇಷ್ಟ್ರೇ, ಬೇಕಾದರೆ ಇವರನ್ನು ಒಯ್ಯಿರಿ. ಇದರ ತಂಟೆಗೆ ಮಾತ್ರ ಬರಬೇಡಿ.”

ಮೇಷ್ಟ್ರು ಡಬ್ಬಿ ಹಿಡಿದು ಹಿಮದಲ್ಲಿ ನಿಂತಿದ್ದ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಬರಿಗೈಯಲ್ಲಿ ಕಾರು ಹತ್ತಿದರು.